ಹುಡುಕಕ್ಕ ಬಸ್ಸು ತಪ್ಪಿಸಿಕೊಂಡ ದಿನ

ಅವಳ ಕೆಲಸಕ್ಕೆ ಕಚೇರಿಯಲ್ಲೊಂದು ಉದ್ದನೆಯ ಹೆಸರಿದೆ. ಮಕ್ಕಳ ನಿಲಯದಲ್ಲಿ ಮಾತ್ರ ಅವಳು ಬರೀ ಹುಡುಕಕ್ಕ. ಹೆತ್ತವರ ಆಸರೆ ತಪ್ಪಿ, ಸಾಕುಮನೆಯಿಂದ ಸಾಕುಮನೆಗೆ ಬದಲಾಗುತ್ತ ಬೆಳೆದ ಮಕ್ಕಳು ಹದಿನೆಂಟು ತುಂಬಿದೊಡನೆ ನಿಲಯ ಬಿಡಬೇಕು. ಅಷ್ಟರೊಳಗೆ ಅವರಿಗೆ ನಮ್ಮವರು ಎನ್ನಲು ಒಬ್ಬರನ್ನಾದರೂ ಹುಡುಕಿಕೊಡಬೇಕಾದವಳು ಇವಳು. ಕೂಸುಗಳನ್ನು ಎತ್ತಿಕೊಳ್ಳಲು ಎಷ್ಟೋ ಕೈಗಳು ಮುಂದೆ ಬರುತ್ತವೆ. ಎದುರುತ್ತರ ಕೊಡುವ ವಯಸ್ಸಿನವರನ್ನು ಯಾರೂ ಕೇಳುವುದಿಲ್ಲ.

ಅವಳು ಕೂತಲ್ಲಿ ಕೂರುವವಳಲ್ಲ. ಮೇಜಿನ ಮೇಲೆ ಅವಳ ಚಹಾ ಕೆನೆಗಟ್ಟುತ್ತದೆ. "ನಿದ್ದೇಲೂ ನಡೀತೀಯ, ಒದೆ ನಾನ್ ತಿಂತೀನಿ" ಎನ್ನುತ್ತಾನೆ ಗಂಡ.

ನಿನಗೆ ಸಂಬಂಧಿಕರು ಯಾರಿದ್ದಾರೆ ಎಂದು ಅವಳು ಮಕ್ಕಳನ್ನು ಕೇಳುವುದಿಲ್ಲ. ಅದಕ್ಕೆ ಎಲ್ಲರ ಉತ್ತರ ಒಂದೇ: ಯಾರೂ ಇಲ್ಲ. ಯಾರ ಮನೆಯಲ್ಲಿ ಕೇಳದೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ ಎಂದು ಕೇಳುತ್ತಾಳೆ. ಇನ್ನೊಂದು ಪದ್ಧತಿಯೂ ಉಂಟು: ಯಾರ ಮನೆಗೆ ಕರೆದೊಯ್ದರೂ ಬಸ್ಸಿನಲ್ಲೇ.

ಮುಂದಿನ ತಿಂಗಳು ಹದಿನೆಂಟು ತುಂಬುವ ಹುಡುಗಿಯೊಬ್ಬಳಿದ್ದಳು. ನಿಂತಲ್ಲಿ ನಿಲ್ಲದ ಅವಳಿಗೆ ನಿಲಯದವರಿಟ್ಟ ಹೆಸರು ಬುಗುರಿ. ಹುಡುಕಕ್ಕನ ಪ್ರಶ್ನೆಗೆ ಅವಳು ಕಿಟಕಿಯ ಸರಳು ಕೆರೆಯುತ್ತ, "ಟೈಲರ್ ಅತ್ತೆ ಮನೇಲಿ. ಗುಂಡಿ ಡಬ್ಬಿ. ಈಗ ಅವ್ರಿಗೆ ನನ್ನ ನೆನಪಿರಲ್ಲ ಬಿಡಿ" ಎಂದಳು. ಕೆಲವು ವರ್ಷಗಳ ಹಿಂದೆ ಆ ಅತ್ತೆಯ ಮನೆ ಅವಳ ಸಾಕುಮನೆಯಾಗಿತ್ತು.

ಹುಡುಕಕ್ಕ ಫೋನ್ ಮಾಡಿ ವಿಷಯ ಹೇಳಿದಳು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಶನಿವಾರ ಕರ್ಕೊಂಡ್ ಬನ್ನಿ, ನೋಡೋಣ" ಎಂದಿತು ದನಿ.

ಆ 'ನೋಡೋಣ' ಹುಡುಕಕ್ಕನಿಗೆ ಹಲ್ಲಿಗೆ ಸಿಕ್ಕ ನಾರಿನಂತಾಯಿತು. ಅವಳ ಅನುಭವದಲ್ಲಿ ಅರ್ಧಕ್ಕರ್ಧ 'ನೋಡೋಣ'ಗಳು 'ಬೇಡ' ಎಂದೇ ಮುಗಿದಿದ್ದವು. ಶನಿವಾರ ಅದೇ ಗುಂಗಿನಲ್ಲಿ ಬಸ್ಸು ತಪ್ಪಿತು. ತಡವಾದರೆ ಅತ್ತೆಯ ಮನಸ್ಸು ಬದಲಾದೀತೆಂದು ಕಚೇರಿಯ ಬಿಳಿ ಕಾರನ್ನೇ ತೆಗೆದುಕೊಂಡು ಹೋದಳು. ಬುಗುರಿ ಏನೂ ಕೇಳದೆ ಹಿಂದಿನ ಸೀಟಿನಲ್ಲಿ ಕುಳಿತಳು. ಊರಾಚೆ ಬಂದ ಮೇಲೆ ಕನ್ನಡಿಯಲ್ಲಿ ಕಂಡದ್ದು ಅವಳು ಅವಚಿ ಹಿಡಿದಿದ್ದ ದೊಡ್ಡ ಬ್ಯಾಗು.

"ಬ್ಯಾಗ್ ಯಾಕಮ್ಮಾ?"

"ಕಾರ್ ಬಂತಲ್ಲ."

ಹುಡುಕಕ್ಕ ಕಾರಿನ ವೇಗ ತಗ್ಗಿಸಿದಳು. ಮಕ್ಕಳನ್ನು ಮನೆಯಿಂದ ಮನೆಗೆ ಸಾಗಿಸುತ್ತಿದ್ದುದು ಈ ಕಾರೇ. ಬಸ್ಸಿನ ಪದ್ಧತಿ ಮಾಡಿಕೊಂಡದ್ದೇ ಅದಕ್ಕೆ.

"ಇವತ್ತು ಬರೀ ನೋಡ್ಕೊಂಡು ಬರೋದು ಕಣೇ. ಸಂಜೆ ವಾಪಸ್."

"ಎಲ್ರೂ ಹಾಗೇ ಹೇಳೋದು. ದಿಂಬು ಪಕ್ಕದ ಮಂಚದವಳಿಗೆ ಕೊಟ್ಬಿಟ್ಟೆ."

ಟೈಲರ್ ಅತ್ತೆಯ ಮನೆಯ ಮುಂಗೋಣೆಯೇ ಅಂಗಡಿ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೊರಗೆ ಬಂದ ಅವಳ ಕಣ್ಣು ಬ್ಯಾಗಿನ ಮೇಲೆ ನಿಂತಿತು.

"ಇರೋಕೇ ಬಂದ್ಳಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ."

ಬುಗುರಿ ಕಾರಿನ ಕಡೆ ತಿರುಗಿದಳು.

"ಎಲ್ಲಿಗೇ? ಹೇಳಿದ್ರೆ ಬೀರು ಖಾಲಿ ಮಾಡಿಡ್ತಿದ್ದೆ ಅಂದೆ. ಮಂಚದ ತುಂಬ ಗಿರಾಕಿಗಳ ಬಟ್ಟೆ. ನಿನ್ನ ಎಲ್ಲಿ ಮಲಗಿಸ್ಲಿ, ಇಸ್ತ್ರಿ ಮೇಜಿನ ಮೇಲಾ?"

ಹುಡುಕಕ್ಕ ತಡವರಿಸುತ್ತ ಕಾರಿನ ತಪ್ಪನ್ನು ವಿವರಿಸಿದಳು. ಅತ್ತೆ ಪೂರ್ತಿ ಕೇಳಲಿಲ್ಲ.

"ನನ್ ಗಂಡ ಹಾಸಿಗೆ ಹಿಡಿದಾಗ ನಿಮ್ಮೋರೇ ಇವಳನ್ನ ಕರ್ಕೊಂಡ್ ಹೋದ್ರು. ನೋಡೋಕೆ ಬರ್ಬೇಡಿ, ಹೊಸ ಜಾಗಕ್ಕೆ ಮಗು ಹೊಂದ್ಕೊಳ್ಳಲಿ ಅಂದ್ರು. ಹೊಂದ್ಕೊಂಡ್ಳಾ?"

ಅಷ್ಟರಲ್ಲಿ ಬುಗುರಿ ಒಳಗೆ ಬಂದು ಗೋಡೆಯುದ್ದಕ್ಕೂ ಸುತ್ತುತ್ತಿದ್ದಳು. ಯಂತ್ರದ ಹಿಂದಿನ ಮೇಲಿನ ಹಲಗೆಗೆ ಕೈ ಚಾಚಿ, ಬರಿಗೈಯಲ್ಲಿ ನಿಂತಳು.

"ಡಬ್ಬಿ ಎಲ್ಲೋಯ್ತು?"

"ಈಗ ನಂಗೆ ಕೈ ಮೇಲೆತ್ತೋಕಾಗಲ್ಲ, ಮೆಷಿನ್ ಕೆಳಗೆ ಇಟ್ಟಿದೀನಿ. ತಗೊಂಡು ಆ ನೀಲಿ ಅಂಗಿಗೆ ಗುಂಡಿ ಹಚ್ಚು. ಸುತ್ತಬೇಡ, ನಂಗೆ ತಲೆ ತಿರುಗತ್ತೆ."

ಬುಗುರಿ ನೆಲದಲ್ಲಿ ಕೂತು ಮುಚ್ಚಳ ತೆಗೆದಳು. ಹುಡುಕಕ್ಕ ಮಾತ್ರ ಕೂರಲಿಲ್ಲ. ಕೇಳಬೇಕಾದ್ದು ಇನ್ನೂ ಉಳಿದಿತ್ತು.

"ಹದಿನೆಂಟಾದ್ಮೇಲೆ ಇವಳಿಗೆ ಅಂತ ಯಾರೂ ಇರಲ್ಲ ಅಮ್ಮಾ. ಒಂದೆರಡು ದಿನದ ಮಾತಲ್ಲ. ಕಾಯಿಲೆ ಬಿದ್ರೂ ಜಗಳ ಆದ್ರೂ ತಿರುಗಿ ಬರೋಕೊಂದು ಬಾಗಿಲು ಬೇಕು."

"ಜಗಳ ಆಗೇ ಆಗತ್ತೆ. ಇವಳ ನಾಲಿಗೆ ನಂಗೊತ್ತಿಲ್ವಾ?"

"ನಿಮ್ದೇನು ಕಮ್ಮೀನಾ?" ಎಂದಳು ಬುಗುರಿ, ಹಲ್ಲಿನಲ್ಲಿ ದಾರ ಕಡಿಯುತ್ತ.

"ಕೇಳಿದ್ರಲ್ಲ. ಶುರುವಾಯ್ತು" ಎಂದು ಅತ್ತೆ ಮಂಚದ ಮೇಲಿನ ಬಟ್ಟೆ ಮಡಿಸತೊಡಗಿದಳು.

ಆದರೂ ಹದಿನೆಂಟು ತುಂಬುವವರೆಗೆ ನಿಲಯದಲ್ಲಿರುವುದು ನಿಯಮ. ಸಂಜೆ ಹೊರಡುವಾಗ ಬುಗುರಿ ಅಭ್ಯಾಸಬಲದಿಂದ ಬ್ಯಾಗು ಎತ್ತಿದಳು.

"ಅದನ್ಯಾಕೆ ಅತ್ತಿಂದಿತ್ತ ಹೊರ್ತೀಯ? ಬೇಕಾದ್ದು ತಗೊಂಡು ಅಲ್ಲೇ ಇಡು" ಎಂದಳು ಅತ್ತೆ.

ಬುಗುರಿ ಹುಡುಕಕ್ಕನ ಮುಖ ನೋಡಿದಳು. ಹುಡುಕಕ್ಕ ಕಾರಿನ ಕೀ ಹುಡುಕುವವಳಂತೆ ತಲೆ ತಗ್ಗಿಸಿದಳು. ಬುಗುರಿ ಎರಡು ಜೊತೆ ಬಟ್ಟೆ ತೆಗೆದುಕೊಂಡು ಬ್ಯಾಗನ್ನು ಬೀರುವಿನ ಪಕ್ಕಕ್ಕೆ ಒರಗಿಸಿದಳು. ಬಾಗಿಲವರೆಗೆ ಬಂದವಳು ತಿರುಗಿ ಹೋಗಿ, ಅದು ಬೀಳದಂತೆ ಇನ್ನೊಮ್ಮೆ ಒತ್ತಿಟ್ಟಳು.

ಈ ಬಾರಿ ಅವಳು ಮುಂದಿನ ಸೀಟಿನಲ್ಲಿ ಕುಳಿತಳು.

"ದಿಂಬು?" ಎಂದು ಕೇಳಿದಳು ಹುಡುಕಕ್ಕ.

"ವಾಪಸ್ ಕೊಡಲ್ಲ ಅವಳು. ಹೋಗ್ಲಿ ಬಿಡಿ, ಒಂದ್ ತಿಂಗಳು ತಾನೇ."