ದೋಣಿಯವನ ಊಟದ ಕರೆ

ರಯ್ಯಿಸ್ ಕಿನಾವಿ ಹುಟ್ಟಿನಿಂದ ದೋಣಿಯವನು. ಹುಟ್ಟು ಹಾಕುವುದನ್ನು ಬಿಟ್ಟು ಇಂಜಿನ್ ಹಾಕಿಸಿಕೊಂಡ ಮೇಲೂ ದೋಣಿಯವನೇ. ಲಕ್ಸರ್‌ನಲ್ಲಿ ನೈಲ್ ನದಿಯ ಒಂದು ದಡದಲ್ಲಿ ಸತ್ತ ಫರೋಗಳು ಮಲಗಿದ್ದಾರೆ, ಇನ್ನೊಂದು ದಡದಲ್ಲಿ ಅವರನ್ನು ನೋಡಲು ಬಂದವರು ಮಲಗುತ್ತಾರೆ. ಇವರನ್ನು ಅವರ ಕಡೆಗೆ ಬೆಳಿಗ್ಗೆ ದಾಟಿಸಿ, ಸಂಜೆಯೊಳಗೆ ಜೀವಸಹಿತ ವಾಪಸು ತರುವುದು ಕಿನಾವಿಯ ಮೂವತ್ತು ವರ್ಷದ ಕಸುಬು. ದೋಣಿಯ ಯಜಮಾನನನ್ನು ನಾವು ರಯ್ಯಿಸ್ ಎನ್ನುತ್ತೇವೆ. ಮನೆಯ ಯಜಮಾನನನ್ನು ಹಾಗೆನ್ನುವ ರೂಢಿಯಿಲ್ಲ. ಕಿನಾವಿಯ ಮನೆಯಲ್ಲಂತೂ ಆ ಹುದ್ದೆ ಅವನ ಹೆಂಡತಿ ನಫೀಸಾಳದ್ದು.

ಕಿನಾವಿ ಊರಿಗೆಲ್ಲ ಹೆಸರಾಗಿದ್ದು ದೋಣಿ ನಡೆಸುವುದಕ್ಕಲ್ಲ, ಕರೆಯುವುದಕ್ಕೆ. ದೋಣಿಯವನ ಕರೆ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ದೋಣಿ ದಡ ಬಿಟ್ಟು ಹತ್ತು ಮಾರು ಹೋದ ಮೇಲೆ ದಡದಲ್ಲಿ ನಿಂತವರನ್ನು ಊಟಕ್ಕೆ ಕರೆಯುವುದು. ಕರೆದವನಿಗೆ ಗೌರವ, ಕರೆಸಿಕೊಂಡವನಿಗೆ ಸಂತೋಷ, ನಡುವೆ ಬೇಕಾದಷ್ಟು ನೀರು.

"ಬಾರಯ್ಯ, ಮನೇಲಿ ಬಾತು ಕೊಯ್ದಿದ್ದಾರೆ!"

"ದೇವರು ನಿನ್ನ ಮನೆ ತುಂಬಿಸ್ಲಿ ರಯ್ಯಿಸ್, ಈಗ ತಾನೆ ತಿಂದೆ!"

"ಅದೆಲ್ಲ ಆಗಲ್ಲ. ನೀನು ಬರ್ದಿದ್ರೆ ನನ್ನ ಹೆಂಡ್ತಿ ನಂಗೆ ತಲಾಕ್!"

ಈ ಕೊನೆಯ ಆಣೆ ಹಾಕದಿದ್ದರೆ ಕರೆಗೆ ಉಪ್ಪಿಲ್ಲ. ಅದು ದಡ ಮುಟ್ಟುವ ಹೊತ್ತಿಗೆ ದೋಣಿ ನಡುನೀರಿನಲ್ಲಿರುತ್ತದೆ. ಹೀಗೆ ನಫೀಸಾ ದಿನಕ್ಕೆ ನಾಲ್ಕು ಸಲ ತಲಾಕ್ ಪಡೆದು, ಸಂಜೆ ಅವನಿಗೇ ಸಾರು ಬಡಿಸುತ್ತಿದ್ದಳು. ನಾನು ಓದಿದ ಶಾಲೆಯಲ್ಲಿ ಕನ್ಯಾಸ್ತ್ರೀಯರು 'ಬೇಡ' ಎನ್ನುವುದನ್ನು ಮೂರು ಭಾಷೆಗಳಲ್ಲಿ ಕಲಿಸಿದ್ದರು. ಊರಿನಲ್ಲಿ ಅದನ್ನು ಮೂರು ಸಲ ಹೇಳಬೇಕು, ಮೂರನೆಯದನ್ನು ಯಾರೂ ಕೇಳಿಸಿಕೊಳ್ಳಬಾರದು ಎಂಬುದನ್ನು ಕಲಿಸಲಿಲ್ಲ. ಅದನ್ನು ಎಲ್ಲರೂ ಮನೆಯಲ್ಲೇ ಕಲಿಯುತ್ತಾರೆ.

ಇಂಜಿ ಕಲಿತಿರಲಿಲ್ಲ. ಇಂಜಿ ಅಲೆಕ್ಸಾಂಡ್ರಿಯಾದ ಹುಡುಗಿ, ಡಚ್ ಭಾಷೆಯಲ್ಲಿ ಪದವಿ ಪಡೆದವಳು, ಅನುವಾದಕ್ಕೆ ಪದಕ ಗೆದ್ದವಳು. ಒಂದು ಪ್ರವಾಸಿ ಸಂಸ್ಥೆಯ ಗೈಡಾಗಿ ನಮ್ಮೂರಿಗೆ ಬಂದು ನಾಲ್ಕು ವಾರವಾಗಿತ್ತು. ಒಂದು ಶನಿವಾರ ಅವಳು ಹದಿನೆಂಟು ಮಂದಿ ಡಚ್ಚರನ್ನು ಕಿನಾವಿಯ ದೋಣಿಯಲ್ಲಿ ಸುತ್ತಾಡಿಸಿ ಹೋಟೆಲಿನ ದಡದಲ್ಲಿ ಇಳಿಸಿದಳು. ಕಿನಾವಿ ದೋಣಿಯನ್ನು ಹಿಂದಕ್ಕೆ ತಳ್ಳಿ, ಎಂದಿನಂತೆ ಎದೆಯ ಮೇಲೆ ಕೈಯಿಟ್ಟು ಕೂಗಿದ:

"ಮಂಗಳವಾರ ನಮ್ಮ ದಡಕ್ಕೆ ಬರ್ತೀರಲ್ಲ, ಊಟ ನಮ್ಮನೇಲೇ! ಬರ್ದಿದ್ರೆ ನನ್ನ ಹೆಂಡ್ತಿ ನಂಗೆ ತಲಾಕ್!"

ಇಂಜಿ ಅಷ್ಟನ್ನೂ ಅನುವಾದಿಸಿದಳು. ಪದಕ ಸುಮ್ಮನೆ ಬಂದಿರಲಿಲ್ಲ. ತಲಾಕಿಗೆ ಅಡಿಟಿಪ್ಪಣಿಯನ್ನೂ ಸೇರಿಸಿದಳು.

ಡಚ್ಚರ ಮುಖ ಕಪ್ಪಿಟ್ಟಿತು. ತಾವು ಒಂದು ಊಟ ತಪ್ಪಿಸಿದರೆ ಒಂದು ಸಂಸಾರ ಮುರಿಯುವುದೇ? ಗುಂಪಿನ ಹಿರಿಯಳು ಹೆಂಡ್ರಿಕಾ ಎಂಬ ನಿವೃತ್ತ ಗ್ರಂಥಪಾಲಕಿ. ಆಕೆ ಚೀಲದಿಂದ ದಿನಚರಿ ತೆಗೆದು, ಪೆನ್ನಿನ ಮುಚ್ಚಳ ಕಚ್ಚಿ ಕೇಳಿದಳು: "ಎಷ್ಟು ಗಂಟೆಗೆ?"

ಇಂಜಿ ಕೂಗಿದಳು: "ರಯ್ಯಿಸ್, ಎಷ್ಟು ಗಂಟೆಗೆ ಅಂತ ಕೇಳ್ತಿದ್ದಾರೆ!"

ಮೂವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕಿನಾವಿ ಬಾಯಿಗೆ ಬಂದದ್ದನ್ನು ಹೇಳಿದ: "ಒಂದು!"

ಹೆಂಡ್ರಿಕಾ ಬರೆದುಕೊಂಡಳು. ಹೆಂಡ್ರಿಕಾಳಿಂದ ಹೆಂಡತಿಗೆ ಕುತ್ತು ಬಂದದ್ದು ಹೀಗೆ.

ಕಿನಾವಿ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನಫೀಸಾ ಬಾಗಿಲಲ್ಲಿ ಬಟ್ಟೆಗಂಟು ಹಿಡಿದು ನಿಂತಿದ್ದಳು.

"ತಾಹಾನ ಅಪ್ಪಾ, ಎಷ್ಟು ಜನ?"

"ಯಾರು?"

"ನನ್ನನ್ನ ಪಣಕ್ಕಿಟ್ಟು ಕರೆದ್ಯಲ್ಲ, ಅವ್ರು."

"ಹದಿನೆಂಟು. ಅವ್ರೇನು ಬರ್ತಾರಾ ತಾಹಾನ ಅಮ್ಮಾ? ಮಾತಿಗೆ ಅಂದೆ."

"ಬಂದ್ರೆ ನಂಗೆ ಅಡುಗೆ, ಬರ್ದಿದ್ರೆ ನಂಗೆ ತಲಾಕು. ಯಾವ ಕಡೆ ಮಗುಚಿದ್ರೂ ಮುಳುಗೋಳು ನಾನೇ. ಚೆನ್ನಾಗಿದೆ ನಿನ್ನ ದೋಣಿ!"

ಕಿನಾವಿ ಓಡಿಹೋಗಿ ಮಸೀದಿಯ ಶೇಖ್ ಮಹ್ರಾನರನ್ನು ಕರೆತಂದ. ಶೇಖರು ಮೆತ್ತಗಿನ ಮನುಷ್ಯ. "ಬಾಯಿಚಟಕ್ಕೆಲ್ಲ ತಲಾಕ್ ಆಗಲ್ಲಮ್ಮ," ಎಂದರು. "ಆಣೆ ಮುರಿದ್ರೆ ಅದಕ್ಕೊಂದು ಪರಿಹಾರ ಇದೆ. ಹತ್ತು ಬಡವ್ರಿಗೆ ಊಟ ಹಾಕಿದ್ರೆ ಸಾಕು."

"ಆ ಹತ್ತು ಜನಕ್ಕೆ ಬೇಯಿಸೋರು ಯಾರು ಶೇಖರೇ?"

ಶೇಖರು ಗಡ್ಡ ನೀವಿಕೊಂಡರು. ಅವರು ಓದಿದ ಗ್ರಂಥಗಳಲ್ಲಿ ಊಟ ಹಾಕುವ ಬಗ್ಗೆ ಇತ್ತು, ಬೇಯಿಸುವ ಬಗ್ಗೆ ಇರಲಿಲ್ಲ.

ನಫೀಸಾ ತೀರ್ಪು ಕೊಟ್ಟಳು: "ಈ ಸಲ ನೀನೇ ಬೇಯ್ಸು, ನೀನೇ ಬಡಿಸು. ಮಂಗಳವಾರ ಕತ್ತಲಾಗೋದ್ರೊಳಗೆ ಆ ಹದಿನೆಂಟು ಜನ ಊಟ ಮಾಡಿದ್ರು ಅಂತ ಅವ್ರ ಬಾಯಿಂದಲೇ ನಾನು ಕೇಳ್ಬೇಕು. ಕೇಳಿದ್ರೆ ಬರ್ತೀನಿ. ಇಲ್ದಿದ್ರೆ ಅಣ್ಣನ ಮನೇಲೇ ಇದ್ದುಬಿಡ್ತೀನಿ. ನಿಂಗೇನಪ್ಪಾ, ದೋಣಿನೇ ಮನೆ. ತಾರಸಿ ಮೇಲೆ ಆರು ಬಾತಿವೆ." ಹೊಸ್ತಿಲು ದಾಟಿ ತಿರುಗಿ ನೋಡಿದಳು. "ಸಾರಿಗೆ ಉಸಿರೆಳ್ಕೊಳ್ಳೋದು ಮರೀಬೇಡ."

ಮುಲೂಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಸುರಿಯುವ ಗಳಿಗೆಗೆ ಸರಿಯಾಗಿ ನಮ್ಮ ಹೆಂಗಸರು 'ಹಾ!' ಎಂದು, ಹಾವು ಕಂಡವರಂತೆ ಉಸಿರೆಳೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಸಾರು ಕೆಡುತ್ತದೆ. ಏಕೆ ಎಂದು ಯಾರೂ ಕೇಳಿಲ್ಲ. ಕೆಟ್ಟ ಸಾರು ತಿಂದವರಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಅತ್ತ ಇಂಜಿಗೂ ನೆಮ್ಮದಿಯಿರಲಿಲ್ಲ. ಕಾರ್ಯಕ್ರಮದಲ್ಲಿಲ್ಲದ ಊಟ ಮಾಡಿಸುವಂತಿಲ್ಲ ಎಂದು ಸಂಸ್ಥೆಯವರು ಗದರಿದರು. ಹೋಟೆಲಿನ ಮಾಣಿಯೊಬ್ಬ ದೋಣಿಯವನ ಕರೆ ಎಂದರೇನೆಂದು ವಿವರಿಸಿ ನಕ್ಕ. ಇಂಜಿ ನಾಚಿ, ತನ್ನ ಗುಂಪಿಗೆ ಅದು ಬರೀ ಮಾತಿನ ವೈಖರಿ, ಯಾರೂ ಕಾಯುವುದಿಲ್ಲ ಎಂದು ತಿಳಿಸಿದಳು. ಹೆಂಡ್ರಿಕಾ ದಿನಚರಿಯ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ಜೊತೆಗೆ ಇಂಜಿ ಅವರೆಲ್ಲರಿಗೆ ಆತ್ಮರಕ್ಷಣೆಗೆಂದು ಎರಡು ಪದ ಬಾಯಿಪಾಠ ಮಾಡಿಸಿದಳು. "ಯಾರಾದರೂ ಏನಾದರೂ ಮುಂದೆ ಹಿಡಿದರೆ 'ಲಾ, ಶುಕ್ರನ್' ಅನ್ನಿ. ಬಿಟ್ಟಿ ಅಂದರೆ ಎರಡು ಸಲ ಅನ್ನಿ." ನಮ್ಮ ಮಾತಿನಲ್ಲಿ 'ಬೇಡ'ಕ್ಕೂ 'ಇಲ್ಲ'ಕ್ಕೂ ಒಂದೇ 'ಲಾ'. ಶುಕ್ರನ್ ಎಂದರೆ ವಂದನೆ.

ಮಂಗಳವಾರ ಬೆಳಿಗ್ಗೆ ಕಿನಾವಿ ಅವರನ್ನು ದಾಟಿಸಿದಾಗ ಊಟದ ಮಾತೆತ್ತಲಿಲ್ಲ. ಅವರು ಒಂದು ಗಂಟೆಗೆ ಬರುತ್ತಾರೆ ಎಂದೇ ನಂಬಿದ್ದ. ಒಂದಾಯಿತು, ಒಂದೂವರೆಯಾಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಆಗ ಅವನು ಸಾರಿನ ಹಂಡೆಯಲ್ಲಿ ಬೆಂದ ಬಾತನ್ನು ಮುಳುಗಿಸಿ, ಮೇಲೆ ಬಿಸಿಲಿನಲ್ಲಿ ಹುದುಗಿಸಿ ಸುಟ್ಟ ಬಿಸಿಲುರೊಟ್ಟಿಗಳನ್ನು ಜೋಡಿಸಿ, ಕತ್ತೆಗಾಡಿಯ ಮೇಲಿಟ್ಟು ರಾಜರ ಕಣಿವೆಗೆ ಹೊರಟ.

ಕಣಿವೆಯ ಬಾಗಿಲಲ್ಲಿ ಚೀಲಗಳನ್ನು ತಪಾಸಿಸುವ ಯಂತ್ರವಿದೆ. ಕಾವಲುಗಾರ ಹಂಡೆಯನ್ನು ಅದರೊಳಗೆ ತಳ್ಳಿದ. ತೆರೆಯ ಮೇಲೆ ಕಾಲು ಮಡಚಿ, ಕತ್ತು ಮುರಿದು, ಶಾಂತವಾಗಿ ಮಲಗಿದ್ದ ಎಲುಬಿನ ಆಕೃತಿ ಮೂಡಿತು. ಕಾವಲುಗಾರ ಎದ್ದು ನಿಂತ.

"ಇದು ಎಷ್ಟು ಹಳೇದು?"

"ಬೆಳಿಗ್ಗೆದು."

"ಯಾವ ಗೋರಿಯಿಂದ ತೆಗೆದೆ?"

"ಒಲೆಯಿಂದ ತೆಗೆದೆ ಕಣಪ್ಪ! ಬಾತು!"

ಕಾವಲುಗಾರ ನಿಯಮದ ಪುಸ್ತಕ ತಿರುವಿದ. ಶವವನ್ನು ಕಣಿವೆಯಿಂದ ಹೊರಗೆ ಸಾಗಿಸಿದರೆ ಜೈಲು ಎಂದಿತ್ತು. ಹೊರಗಿನಿಂದ ಒಳಗೆ ತರುವವರ ಬಗ್ಗೆ ಮೂರು ಸಾವಿರ ವರ್ಷದಿಂದ ಯಾರೂ ಯೋಚಿಸಿರಲಿಲ್ಲ. ಒಳಗೆ ಬಿಟ್ಟ.

ಡಚ್ಚರು ಆಗ ತಾನೇ ಒಂದು ಗೋರಿಯಿಂದ ಹತ್ತಿ ಬರುತ್ತಿದ್ದರು. ಕೆಳಗೆ ಗೋಡೆಯ ತುಂಬ ರೊಟ್ಟಿ, ಹೆಂಡ, ಬಾತುಗಳ ಚಿತ್ರ. ಸತ್ತ ರಾಜನಿಗೆ ಪರಲೋಕದಲ್ಲಿ ಬೇಕಾಗುವ ಊಟವನ್ನು ಅವರು ಮುಕ್ಕಾಲು ಗಂಟೆ ಕಣ್ಣರಳಿಸಿ ನೋಡಿದ್ದರು. ಮೇಲೆ ಬಂದರೆ ಅದೇ ಊಟ ಹಬೆಯಾಡುತ್ತ ಎದುರಿಗಿದೆ.

"ಬಿಟ್ಟಿ!" ಎಂದು ಕಿನಾವಿ ಹಂಡೆಯ ಮುಚ್ಚಳ ತೆಗೆದ.

"ಲಾ, ಶುಕ್ರನ್! ಲಾ, ಶುಕ್ರನ್!" ಹದಿನೆಂಟು ಕಂಠ.

ಪಕ್ಕದಲ್ಲಿ ಕಲ್ಲಿನ ಬೆಕ್ಕು ಮಾರುತ್ತಿದ್ದವನಿಗೆ ಕನಿಕರವಾಯಿತು. "ಮೊದ್ಲು ಒಂದು ರೇಟು ಹೇಳು ರಯ್ಯಿಸ್. ಬಿಟ್ಟಿ ಅಂದ್ರೆ ಯಾರು ನಂಬ್ತಾರೆ?"

ಹತ್‌ಶೆಪ್ಸುತ್ ರಾಣಿಯ ದೇಗುಲದ ಮೆಟ್ಟಿಲುಗಳನ್ನು ಅವನು ಹಂಡೆ ಹೊತ್ತು ಏರಿದ. ಲಾ, ಶುಕ್ರನ್. ಮೆಮ್ನಾನ್‌ನ ಎರಡು ದೈತ್ಯ ವಿಗ್ರಹಗಳ ಕಾಲಬಳಿ ಕಾದು ಕುಳಿತ. ಲಾ, ಶುಕ್ರನ್. ಅಲ್ಲಿಯವರೆಗೆ ಟಿಕೆಟು, ಬಸ್ಸುಗಳ ಹಿಂದೆ ಓಡಾಡುತ್ತಿದ್ದ ಇಂಜಿ ಅವನನ್ನು ಗುರುತು ಹಿಡಿದು ಬಳಿಗೆ ಬಂದದ್ದು ಅಲ್ಲಿಯೇ.

"ರಯ್ಯಿಸ್, ನೀವು ಇಲ್ಲೂ ವ್ಯಾಪಾರ ಶುರು ಮಾಡಿದ್ರಾ? ಬನ್ನಿ, ಕೊನೇ ಕಾರ್ಯಕ್ರಮ ನಿಮ್ಮ ದೋಣಿನೇ. ಹೋಟೆಲಿಗೆ ವಾಪಸ್."

ಕಿನಾವಿ ಹಂಡೆಯನ್ನು ನೋಡಿದ, ಸೂರ್ಯನನ್ನು ನೋಡಿದ. ಊಟವೆಂದರೆ ಮನೆಯಲ್ಲಿ, ಮನೆಯೆಂದರೆ ದಡದಲ್ಲಿ ಎಂದು ಬೆಳಗಿನಿಂದ ಒದ್ದಾಡಿದ್ದ. ನಿಂಗೇನಪ್ಪಾ, ದೋಣಿನೇ ಮನೆ ಎಂದಿದ್ದಳಲ್ಲ ನಫೀಸಾ! ಆಕೆ ಅದನ್ನು ಬೈಗುಳವಾಗಿ ಹೇಳಿದ್ದಳು. ಅವನು ವಿಳಾಸವಾಗಿ ತೆಗೆದುಕೊಂಡ.

ದೋಣಿ ನಡುನೀರಿಗೆ ಬಂತು. ಕಿನಾವಿ ಗುಂಡಿ ಒತ್ತಿದ. ಇಂಜಿನ್ ನಿಂತಿತು, ಇಂಜಿ ಶುರುವಾದಳು.

"ಏನಿದು ರಯ್ಯಿಸ್? ಇಂಜಿನ್ ಕೆಟ್ಟಿತಾ?"

"ಇಂಜಿನ್ ಚೆನ್ನಾಗಿದೆ ಮಗಳೇ. ಸಂಸಾರ ಕೆಟ್ಟಿದೆ. ಇವ್ರಿಗೆ ಹೇಳು. ಮೂವತ್ತು ವರ್ಷ ದೋಣಿಯಲ್ಲಿ ನಿಂತು ದಡದಲ್ಲಿರೋರನ್ನ ಕರೆದೆ, ಯಾರೂ ಬರೋ ಹಾಗಿರ್ಲಿಲ್ಲ. ಇವತ್ತು ದೋಣಿಯಲ್ಲಿರೋರನ್ನೇ ಕರೀತಿದೀನಿ. ಯಾರೂ ಹೋಗೋ ಹಾಗಿಲ್ಲ. ಒಂದೊಂದು ತುತ್ತು ತಿನ್ನಲಿ. ನನ್ನ ಹೆಂಡ್ತಿ ಅಣ್ಣನ ಮನೆ ಸೇರಿ ಮೂರು ದಿನ ಆಯ್ತು."

ಇಂಜಿ ಒಂದು ಕ್ಷಣ ಅವನ ಮುಖ ನೋಡಿದಳು. ಸಂಸ್ಥೆಯನ್ನು ಮರೆತಳು. ಆಮೇಲೆ ಅಷ್ಟನ್ನೂ ಅನುವಾದಿಸಿದಳು, ಈ ಸಲ ಅಡಿಟಿಪ್ಪಣಿಯಿಲ್ಲದೆ.

ಹೆಂಡ್ರಿಕಾ ದಿನಚರಿ ತೆರೆದಳು. ಅಡ್ಡಗೆರೆ ಎಳೆದ ಸಾಲಿನ ಕೆಳಗೆ ಅದನ್ನೇ ಮತ್ತೆ ಬರೆದಳು. ಕಿನಾವಿಯ ಕಡೆ ತಿರುಗಿ, "ಮೂರು ಗಂಟೆ ತಡವಾಯಿತು, ಕ್ಷಮಿಸಿ," ಎಂದು ಎದ್ದು ನಿಂತು ಕೈತೊಳೆದುಕೊಂಡಳು.

ಎಲ್ಲರೂ ತಿಂದರು. ಬಾತು ಶವಪೆಟ್ಟಿಗೆಯಷ್ಟು ಗಟ್ಟಿಯಿತ್ತು. ಸಾರು ನೈಲ್ ನದಿಯ ಬಣ್ಣಕ್ಕಿತ್ತು, ರುಚಿಯಲ್ಲಿ ನದಿಯೇ ಮೇಲು. ಒಗ್ಗರಣೆ ಸುರಿಯುವಾಗ ಕಿನಾವಿ ಉಸಿರೆಳೆದುಕೊಂಡಿರಲಿಲ್ಲ. ಮೀಸೆ ಹೊತ್ತ ಗಂಡಸು ಒಲೆಯ ಮುಂದೆ 'ಹಾ' ಎನ್ನುವುದನ್ನು ಪಕ್ಕದ ಮನೆಯವರು ಕೇಳಿದರೆ ಎಂದು ನಾಚಿದ್ದ. ಆದರೂ ಡಚ್ಚರು ಒಂದು ಸಂಸಾರವನ್ನು ಉಳಿಸುವವರ ಗಾಂಭೀರ್ಯದಿಂದ ಅಗಿದರು, ನುಂಗಿದರು.

ಅಷ್ಟರಲ್ಲಿ ದೋಣಿ ಹರಿವಿನೊಡನೆ ತೇಲುತ್ತ ನಫೀಸಾಳ ಅಣ್ಣನ ಮನೆಯ ಮುಂದಕ್ಕೆ ಬಂದಿತ್ತು. ದಡಕ್ಕೆ ತೀರ ಹತ್ತಿರ. ನಫೀಸಾ ಸೊಂಟದ ಮೇಲೆ ಕೈಯಿಟ್ಟು ನೀರಿನಂಚಿನಲ್ಲಿ ನಿಂತಿದ್ದಳು. ಸೂರ್ಯ ಗುಡ್ಡದ ನೆತ್ತಿಯ ಮೇಲಿದ್ದ.

"ತಾಹಾನ ಅಮ್ಮಾ! ಎಲ್ರೂ ಊಟ ಮಾಡಿದ್ರು!"

"ನೀನು ಸುಮ್ನಿರು. ಅವ್ರನ್ನ ಕೇಳ್ತೀನಿ." ನಫೀಸಾ ಕೈಯನ್ನು ಬಾಯ ಬಳಿ ತಂದು, ಉಣ್ಣುವ ಸನ್ನೆ ಮಾಡಿ, ಡಚ್ಚರತ್ತ ಗಟ್ಟಿಯಾಗಿ ಕೂಗಿದಳು: "ಊಟ ಆಯ್ತಾ?"

ಡಚ್ಚರಿಗೆ ಕಂಡದ್ದು ಇನ್ನೊಬ್ಬರು ಇನ್ನೊಂದು ಊಟಕ್ಕೆ ಕರೆಯುತ್ತಿರುವುದು. ಇಂಜಿ ಬಾಯಿ ತೆರೆಯುವಷ್ಟರಲ್ಲಿ ಹದಿನೆಂಟೂ ಮಂದಿ ಒಂದೇ ದನಿಯಲ್ಲಿ, ಪ್ರಾಣಭಯದಿಂದ ಕೂಗಿದರು:

"ಲಾ, ಶುಕ್ರನ್! ಲಾ, ಶುಕ್ರನ್!"

ಇಲ್ಲ, ವಂದನೆ. ಇಲ್ಲ, ವಂದನೆ.

ನಫೀಸಾ ತಲೆವಸ್ತ್ರ ಸರಿಪಡಿಸಿಕೊಂಡು ಮನೆಯ ಕಡೆ ತಿರುಗಿದಳು. "ಅಮ್ಮಾ, ಅವ್ರು ತಿಂದಿದ್ದಾರೆ, ಅವ್ರಿಗೆ ಅರ್ಥ ಆಗಿಲ್ಲ!" ಎಂದು ಇಂಜಿ ಕೂಗಿದಳು. "ಗೈಡ್‌ಗಳ ಮಾತು ನಂಬೋಕೆ ನಾನೇನು ಪ್ರವಾಸಿನಾ?" ಎಂದು ನಫೀಸಾ ತಿರುಗದೆಯೇ ನಡೆದಳು.

ಏನೋ ತಪ್ಪಾಗಿದೆ ಎಂದು ಹೆಂಡ್ರಿಕಾಳಿಗೆ ತಿಳಿಯಿತು. ಆಕೆ ಹಂಡೆಯಿಂದ ಒಂದು ಲೋಟ ಸಾರು ಮೊಗೆದು, ದಡಕ್ಕೆ ಕಾಣುವಂತೆ ಎತ್ತಿ ಹಿಡಿದು, ಗಟಗಟನೆ ಕುಡಿದಳು. ಮರುಕ್ಷಣ ನೀರಿನ ಮೇಲೆಲ್ಲ ಕೇಳುವಂತೆ ಉಸಿರೆಳೆದುಕೊಂಡಳು:

"ಹಾ!"

ನಫೀಸಾ ನಿಂತಳು. ನಿಧಾನವಾಗಿ ತಿರುಗಿದಳು.

"ತಾಹಾನ ಅಪ್ಪಾ! ಸಾರಿಗೆ ನೀನು ಉಸಿರೆಳೀಲಿಲ್ಲ!"

ಕಿನಾವಿ ತಲೆ ತಗ್ಗಿಸಿದ.

"ನೀನು ಎಳೆಯೋದನ್ನ ಆ ಯಮ್ಮ ಎಳೀತಿದಾಳೆ! ಅಯ್ಯೋ, ತಿಂದಿದ್ದಾರೆ, ನಿಜವಾಗ್ಲೂ ತಿಂದಿದ್ದಾರೆ!" ನಫೀಸಾ ನಗುತ್ತ ಮರಳಿನ ಮೇಲೆ ಕೂತೇಬಿಟ್ಟಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಗಂಟು ತಗೊಂಡ್ಬರ್ತೀನಿ. ನೀನು ಒಲೆ ಮುಟ್ಟಬೇಡ," ಎಂದಳು.

ದೋಣಿ ಮೆಲ್ಲಗೆ ದಡ ಬಿಡುತ್ತಿತ್ತು. ಒಂದು ಮಾರು, ಎರಡು ಮಾರು. ನಫೀಸಾ ಆ ಹದಿನೆಂಟು ಬಿಳಿಚಿದ ಮುಖಗಳನ್ನು ನೋಡಿದಳು. ಕನಿಕರ ಉಕ್ಕಿತು, ಬಾಯಿ ತಾನಾಗಿ ತೆರೆಯಿತು:

"ಪಾಪ, ಅದೂ ಒಂದು ಊಟವಾ? ನಾಳೆ ಬನ್ರಮ್ಮಾ, ನಾನು ಬೇಯಿಸಿ ಹಾಕ್ತೀನಿ! ಬರ್ದಿದ್ರೆ ನನ್ನಾಣೆ!"

ಇಂಜಿ ಗುಂಪಿನ ಕಡೆ ತಿರುಗಿದಳು. ಕಿನಾವಿ ಕೈಮುಗಿದ. "ಮಗಳೇ, ಇದೊಂದು ಅನುವಾದ ಮಾಡ್ಬೇಡ."

ಅನುವಾದ ಬೇಕಿರಲಿಲ್ಲ. ಹೆಂಡ್ರಿಕಾ ಆಗಲೇ ಪೆನ್ನಿನ ಮುಚ್ಚಳ ಕಚ್ಚಿ, ದಿನಚರಿಯ ಬುಧವಾರದ ಹಾಳೆಯಲ್ಲಿ ಬೆರಳಿಟ್ಟು, ದಡದತ್ತ ಹುಬ್ಬೇರಿಸಿದ್ದಳು. ಕಿನಾವಿ ಗುಂಡಿ ಒತ್ತಿದ. ಮತ್ತೆ ಒತ್ತಿದ. ಇಷ್ಟು ಹೊತ್ತು ಚೆನ್ನಾಗಿದ್ದ ಇಂಜಿನ್ ಈಗ ಕೆಮ್ಮಿ ಸುಮ್ಮನಾಯಿತು.

ದಡದಿಂದ ನಫೀಸಾಳ ದನಿ ಬಂತು, ಈ ಸಲ ಅಷ್ಟು ಗಟ್ಟಿಯಾಗಿರಲಿಲ್ಲ:

"ತಾಹಾನ ಅಪ್ಪಾ... ಎಷ್ಟು ಬಾತು ಉಳಿಸಿದ್ದೀಯಾ?"