ಮೂರನೇ ಸಾಕ್ಷಿ ಹುಡುಕಿದ ದಾನಕ್ಕ

ಖಾಲಿ ಜಾಗ ಕಂಡರೆ ನಮ್ಮ ದಾನಕ್ಕನಿಗೆ ಮೈಯೆಲ್ಲ ತುರಿಕೆ. ಬಸ್ಸಿನಲ್ಲಷ್ಟೇ ಅಲ್ಲ, ಎಲ್ಲಿಯೇ ಆಗಲಿ. ಮದುವೆ ಊಟದ ಪಂಕ್ತಿಯಲ್ಲಿ ಇಬ್ಬರ ನಡುವೆ ಗೇಣು ಜಾಗ ಕಂಡರೂ "ಒಳಗ ಸರೀರಿ, ಇನ್ನೊಬ್ರು ಕೂಡ್ತಾರ" ಎಂದು ಎಲೆ ಸಮೇತ ಜನರನ್ನು ಸರಿಸುವಳು. ಇಂಡಿಯಲ್ಲಿ ನಮ್ಮ ಸೋದರಮಾವ ತೀರಿಕೊಂಡಾಗ ಹೆಣದ ಸುತ್ತ ಹೆಂಗಸರು ಕೂತು ಅಳುತ್ತಿದ್ದರು. ಇನ್ನೂ ನಾಲ್ಕು ಮಂದಿ ಒಳಗೆ ಬರಲಾಗದೆ ಬಾಗಿಲಲ್ಲಿ ನಿಂತಿದ್ದರು. ದಾನಕ್ಕ ಮೂಗು ಒರೆಸಿಕೊಂಡು ಎದ್ದು, "ಮುಂದ ಜಾಗಾ ಐತಿ, ಮುಂದ ಬರ್ರಿ. ಏ ಯವ್ವಾ, ನೀ ಮಾವನ ಕಾಲ ಹಂತ್ಯಾಕ ಸರಿ, ಅಂವ ಏನೂ ಅನ್ನಂಗಿಲ್ಲ" ಎಂದಳು. ಮಾವನ ಹೆಂಡತಿಯೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳು.

ಅಕ್ಕ ಇಪ್ಪತ್ತು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರ್. ಸಿಂದಗಿಯಿಂದ ಇಂಡಿ, ಸಿಂದಗಿಯಿಂದ ಮುದ್ದೇಬಿಹಾಳ, ಇವೇ ಅವಳ ದಾರಿಗಳು. ಸೀರೆಯ ಮೇಲೆ ಖಾಕಿ ಅಂಗಿ, ಬಾಯಿಯಲ್ಲಿ ಸದಾ ಅಡಿಕೆ ಚೂರು. ಒಮ್ಮೆ ಮುದ್ದೇಬಿಹಾಳದ ಸ್ಟ್ಯಾಂಡಿನಲ್ಲಿ ಯಾವನೋ ದೊಡ್ಡ ಮನುಷ್ಯ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದು, ತಾನು ಚಹಾ ಕುಡಿಯಲು ಹೋದ. ಹೊತ್ತಾಯಿತು ಅಂತ ಅಕ್ಕ ಬಸ್ಸು ಬಿಡಿಸಿದಳು. ಆತ ಯಾರದೋ ಮೋಟಾರ್ ಸೈಕಲ್ ಹತ್ತಿ ಬೆನ್ನಟ್ಟಿ ಮುಂದಿನ ಸ್ಟಾಪಿನಲ್ಲಿ ಬಸ್ಸು ಹಿಡಿದು ನೋಡುತ್ತಾನೆ, ಸೀಟಿನಲ್ಲಿ ಒಬ್ಬ ಮುದುಕಿ.

"ಏನ್ರಿ ಕಂಡಕ್ಟರ್ ಬಾಯಾರ, ನನ್ನ ಸೀಟ್ ಅದು!"

"ನಿಮ್ಮ ಟವೆಲ್ ಹತ್ತಿತ್ರಿ, ನೀವು ಹತ್ತಿರಲಿಲ್ಲ. ಅದು ಇಲ್ಲೀಮಟಾ ಬಂದೈತಿ. ಮೊದಲ ಅದರದೊಂದು ಟಿಕೆಟ್ ತಗೋರಿ."

ಬಸ್ಸೆಲ್ಲ ಹೋ ಎಂದು ನಕ್ಕಿತು. ಆ ಮನುಷ್ಯ ಟವೆಲ್ ಹೆಗಲಿಗೆ ಹಾಕಿಕೊಂಡು ಸಿಂದಗಿ ತನಕ ನಿಂತೇ ಬಂದ.

ಅಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ನೋಡಾಕ ಬಂದ ಗಂಡುಗೋಳು ನನ್ನ ನೋಡಿ ಹೆದರಿದ್ರು, ನಾ ಅವರನ್ನ ನೋಡಿ ನಕ್ಕೆ. ಇಬ್ರೂ ಉಳಕೊಂಡ್ವಿ" ಎನ್ನುವಳು. ನಾನು ಮದುವೆಯಾಗಿ ಮಸೂತಿಗೆ ಹೋದೆ, ಮೂವತ್ತೇಳಕ್ಕೆ ವಿಧವೆಯಾದೆ. ಮಕ್ಕಳಿರಲಿಲ್ಲ. ಮೂರು ತಿಂಗಳು ನನ್ನನ್ನು ಮೂಲೆಯಲ್ಲಿ ಕೂರಿಸಿದ್ದು ನೋಡಿ ಅಕ್ಕ ಒಂದು ದಿನ ಬಂದು, ಯಾರನ್ನೂ ಕೇಳದೆ ನನ್ನ ಟ್ರಂಕು ಹೊತ್ತುಕೊಂಡು ಹೊರಟಳು. ನಾನು ಅವಳ ಹಿಂದೆ ನಡೆದೆ. ಅಲ್ಲಿಂದ ಒಂಬತ್ತು ವರ್ಷ ಸಿಂದಗಿಯ ಎರಡು ಖೋಲಿಯ ಮನೆಯಲ್ಲಿ ನಾವಿಬ್ಬರು. ನಾನು ಅಲ್ಲಿಯೇ ಒಂದು ಶಾಲೆಯಲ್ಲಿ ಟೀಚರ್ ಆದೆ. ಅಕ್ಕನ ಟ್ರಿಪ್ಪು ಮುಗಿಯುವ ತನಕ ನಾನು ಉಣ್ಣುತ್ತಿರಲಿಲ್ಲ. ಬಂದ ಮೇಲೆ ಇಬ್ಬರೂ ಎದುರುಬದುರು ಕೂತು ಜಗಳವಾಡುತ್ತ ಉಣ್ಣುತ್ತಿದ್ದೆವು. ಪಲ್ಯಕ್ಕೆ ಉಪ್ಪು ಹೆಚ್ಚಾದದ್ದಕ್ಕೆ ಅವಳು ನನ್ನ ತಲೆಮಾರುಗಳನ್ನೆಲ್ಲ ಬಯ್ಯುವಳು, ಅವು ತನ್ನ ತಲೆಮಾರುಗಳೂ ಹೌದೆಂಬ ಖಬರಿಲ್ಲದೆ.

ಹುಬ್ಬಳ್ಳಿಯ ಡ್ರಾಯಿಂಗ್ ಮಾಸ್ತರ್ ಪ್ರಭಾಕರ ಅವರು ಶಿಕ್ಷಕರ ತರಬೇತಿಯೊಂದರಲ್ಲಿ ಪರಿಚಯವಾದರು. ಅವರ ಹೆಂಡತಿ ತೀರಿಕೊಂಡಿದ್ದರು. ಫೋನಿನಲ್ಲಿ ಮಾತು ಬೆಳೆಯಿತು. ನಾನು ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದೆ. ಅಕ್ಕ ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ, "ಆ ಮಾಸ್ತರ ನಿನ್ನ ಚಿತ್ರಾ ತಗೀತಾನೋ, ಬರೇ ಮಾತಾಡ್ತಾನೋ?" ಎಂದಳು.

ನನಗೆ ನೆತ್ತಿಗೇರಿತು. ಕೆಮ್ಮುತ್ತಲೇ, ಅವರು ಮದುವೆಯಾಗೋಣ ಅಂತಾರೆ, ನನಗೇ ಮಂದಿಯ ಹೆದರಿಕೆ ಎಂದೆ.

"ಮಂದೀನ ಇಪ್ಪತ್ತು ವರ್ಷದಿಂದ ಹತ್ತಸಾಕತ್ತೇನಿ, ಇಳಸಾಕತ್ತೇನಿ. ತಮ್ಮ ಸ್ಟಾಪ್ ಬಂತಂದ್ರ ಒಬ್ಬರೂ ನಿನ್ನ ಕಡಿ ಹೊಳ್ಳಿ ನೋಡಂಗಿಲ್ಲ. ಆ ಮಾಸ್ತರಗ ಫೋನ್ ಹಚ್ಚು."

ಫೋನಿನಲ್ಲಿ ಅವಳು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: "ಇಕಿ ಗೊರಕಿ ಹೊಡೀತಾಳ. ನಡೀತೈತೇನ್ರಿ?"

ಹುಬ್ಬಳ್ಳಿಯಲ್ಲಿ ರಜಿಸ್ಟರ್ ಮದುವೆ ಎಂದು ನಿಶ್ಚಯವಾಯಿತು. ಮೂವರು ಸಾಕ್ಷಿ ಬೇಕು. ಮಾಸ್ತರರ ಗೆಳೆಯರೊಬ್ಬರು, ನಮ್ಮ ಅಕ್ಕ, ಮತ್ತು ಬಾಗೇವಾಡಿಯಲ್ಲಿರುವ ನನ್ನ ಗೆಳತಿಯೊಬ್ಬಳು. ಅಕ್ಕನ ವಾರದ ರಜೆಯ ದಿನ ಬೆಳಿಗ್ಗೆ ನನ್ನ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹೊರಟೆವು. ಮಧ್ಯಾಹ್ನ ಎರಡರೊಳಗೆ ಕಚೇರಿ ಮುಟ್ಟಬೇಕು. ರಜೆಯೆಂಬುದು ಖಾಕಿ ಅಂಗಿಗೆ ಮಾತ್ರ. ಪಕ್ಕದಲ್ಲಿ ಕೂತ ಅಕ್ಕ ಪ್ರತಿ ಸ್ಟಾಪಿನಲ್ಲೂ ಬಾಗಿಲು ದಬದಬ ಬಡಿದು, "ಹೋಲ್ಡಾನ್! ಹಿಂದ ಸೀಟ್ ಖಾಲಿ ಐತಿ, ಒಂದು ಮುದುಕಿ ನಿಂತಾಳ" ಎನ್ನುವಳು. ಹಿಪ್ಪರಗಿ ದಾಟುವುದರೊಳಗೆ ಐದು ಮಂದಿಯನ್ನು ಹತ್ತಿಸಿ ಇಳಿಸಿದ್ದೆವು. ಇದು ನನ್ನ ಮದುವೆಯೋ ಅವಳ ಡ್ಯೂಟಿಯೋ ಎಂದು ನಾನು ಸಿಡಿಮಿಡಿಗೊಂಡೆ. ಬಾಗೇವಾಡಿಯಲ್ಲಿ ಗೆಳತಿಯ ಫೋನ್ ಬಂತು. ಗಂಡ ಬಿಡುತ್ತಿಲ್ಲ, ಬರಲಾಗುವುದಿಲ್ಲ, ತಪ್ಪು ತಿಳಿಯಬೇಡ.

ಮಾಸ್ತರರಿಗೆ ತಿಳಿಸಿದೆ. ಅವರು ಸಮಾಧಾನದಿಂದ, ಕಚೇರಿ ಎದುರಿಗೆ ಚಹಾದಂಗಡಿಯವನಿದ್ದಾನೆ, ಅವನಿಗೆ ಸಹಿ ಮಾಡಿ ರೂಢಿ ಇದೆ ಎಂದರು. ಅಕ್ಕ ಫೋನ್ ಕಸಿದುಕೊಂಡಳು.

"ಚಾದಂಗಡಿಯವನ ಸಹಿ ಮ್ಯಾಲ ನನ್ನ ತಂಗೀನ ಕೊಡ್ಲೇನ್ರಿ? ನಾಳೆ ಓಡಿಹೋದಾಕಿ ಅಂತಾರ. ನಮ್ಮ ಕಡಿಯಿಂದ ಇಬ್ರು ಇರಾಕಬೇಕು. ನೀವು ಸುಮ್ನ ಕುಂದರ್ರಿ, ನಾ ಮಂದೀನ ತರ್ತೇನಿ."

ಎಲ್ಲಿಂದ ತರುತ್ತೀ ಎಂದೆ. ಅಕ್ಕ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಸ್ಟಾಪಿನಲ್ಲಿ ನಿಂತ ಹೆಂಗಸರೆಲ್ಲರ ಚೀಲದಲ್ಲೂ ಆಧಾರ್ ಕಾರ್ಡ್ ಇರುತ್ತದೆ. ಸಾಕ್ಷಿಗೆ ಬೇಕಾದದ್ದೂ ಅದೇ. "ದಾರಿ ತುಂಬ ಸಾಕ್ಷಿಗೋಳ ನಿಂತಾವ, ನೀ ಗಾಡಿ ಹೊಡಿ" ಎಂದಳು.

ಮೊದಲು ಸಿಕ್ಕ ಮುದುಕಿ ಖುಷಿಯಿಂದ ಹತ್ತಿದಳು. ಮದುವೆ ಎಂದ ಕೂಡಲೇ ಇನ್ನೂ ಖುಷಿಯಾದಳು. ಎರಡನೆಯದು ಎಂದು ಅಕ್ಕ ಹೇಳಿದ್ದೇ, "ಶಿವಶಿವಾ, ಒಳ್ಳೇದಾಗ್ಲೆವ್ವ. ನಾ ನಿಮ್ಮ ಗಾಡಿ ಹತ್ತಿದ್ದು ಮಾತ್ರ ಯಾರಿಗೂ ಹೇಳಬ್ಯಾಡ್ರಿ" ಎಂದು ತನ್ನ ಊರು ಬರುವ ಮೊದಲೇ ಇಳಿದಳು.

ಮಸೂತಿ ಸ್ಟಾಪಿನಲ್ಲಿ ಚೀಲ ಹಿಡಿದು ನಿಂತವಳನ್ನು ಕಂಡು ನಾನು ಗಾಡಿಯ ವೇಗ ಹೆಚ್ಚಿಸಿದೆ. ಕಮಲವ್ವ. ಸತ್ತ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. "ಯಕ್ಕಾ, ಇಲ್ಲಿ ನಿಲ್ಲಸಂಗಿಲ್ಲ" ಎಂದೆ. ಅಕ್ಕ ಬಾಗಿಲು ಬಡಿದಳು. ಬೆಳಿಗ್ಗೆಯಿಂದ ಆ ಸದ್ದಿಗೆ ಬ್ರೇಕ್ ಒತ್ತಿ ಒತ್ತಿ ನನ್ನ ಕಾಲು ಅವಳ ಮಾತನ್ನೇ ಕೇಳುವಂತಾಗಿತ್ತು. ಕಾರು ನಿಂತಿತು.

"ಅಯ್ಯ, ಸುಮಿತ್ರಾ! ದೂರ ಹೊಂಟೀರೇನ?" ಎನ್ನುತ್ತ ಕಮಲವ್ವ ಹಿಂದೆ ಕೂತಳು.

"ಹುಬ್ಬಳ್ಳಿಗೆ," ಎಂದಳು ಅಕ್ಕ. "ಇವತ್ತ ಇಕಿ ಮದಿವಿ ಐತಿ. ಸಾಕ್ಷಿ ಒಂದು ಕಡಿಮಿ ಬಿದ್ದೈತಿ. ಆಧಾರ ಕಾರ್ಡ ಐತೇನ?"

ಕಮಲವ್ವ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಅದರ ಬಾಯಿಯನ್ನು ಬಿಗಿಯಾಗಿ ಹಿಡಿದಳು. ತೆಲಗಿ ದಾಟಿತು, ಚೀಲ ಬಿಚ್ಚಲಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಇವಳು ಒಂದು ಫೋನ್ ಮಾಡಿದರೆ ನಾವು ಮುಟ್ಟುವ ಮೊದಲೇ ಗಂಡನ ಮನೆಯವರು ಕಚೇರಿಯ ಬಾಗಿಲಲ್ಲಿ ನಿಂತಿರುತ್ತಾರೆ. ಅಕ್ಕನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ ಅವಳನ್ನು ಅಲ್ಲಿಯೇ ಇಳಿಸಿ ಹೋಗಬೇಕೆನಿಸಿತ್ತು. ಕೊಲ್ಹಾರದ ಸೇತುವೆಯ ಮೇಲೆ ಕಮಲವ್ವ ಬಾಯಿ ತೆರೆದಳು.

"ಮೈದುನ ಸತ್ತಾಗ ನಿನ್ನ ಕೈಬಳಿ ಒಡದಾಕಿ ನಾನ. ಎಲ್ಲಾರೂ ನನ್ನ ಮುಂದ ದೂಕಿದ್ರು. ನಿನ್ನ ಮುಂಗೈಯಾಗ ಗಾಜು ನಟ್ಟು ರಕ್ತ ಬಂತು. ನೀ ಅಳಲಿಲ್ಲ, ನನ್ನ ಮಾರಿ ನೋಡಿದಿ. ಒಂಬತ್ತು ವರ್ಷ ಆತು, ನಾ ಬಳಿ ಇಟ್ಕೊಳ್ಳಾಕ ಕುಂತಾಗೆಲ್ಲಾ ಅದ ನೆನಪಾಗ್ತೈತಿ."

ನಾನು ಕಾರು ಬದಿಗೆ ನಿಲ್ಲಿಸಿ ಅತ್ತೆ. ಕಮಲವ್ವನೂ ಅತ್ತಳು. ಅಕ್ಕ ಗಡಿಯಾರ ನೋಡಿದಳು.

"ಅಳೂದು ಹೊಳ್ಳಿ ಬರೂವಾಗ ಅಳಾಕ ಬರ್ತೈತಿ. ಸಹಿ ಬರ್ತೈತೋ ಇಲ್ಲೋ, ಅದನ್ನ ಹೇಳ."

"ನಾಕನೇತ್ತೆ ಕಲ್ತೇನಿ, ಬರ್ತೈತಿ. ಮನ್ಯಾಗ ಗೊತ್ತಾದ್ರ?"

"ಜಬರದಸ್ತಿ ಮಾಡಿ ಕರಕೊಂಡು ಹ್ವಾದ್ಲು ಅಂತ ನನ್ನ ಹೆಸರು ಹೇಳ. ನನ್ನ ಬಗ್ಗೆ ಯಾರು ಏನು ಹೇಳಿದ್ರೂ ಮಂದಿ ನಂಬ್ತಾರ."

ಎರಡಕ್ಕೆ ಹತ್ತು ನಿಮಿಷ ಇರುವಾಗ ಕಚೇರಿ ಮುಟ್ಟಿದೆವು. ಅಧಿಕಾರಿಗಳು ಕಮಲವ್ವನ ಕಾರ್ಡು ನೋಡಿ, ಇವರು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಕೇಳಿದರು.

"ಹಳೇ ಗಂಡಿನ ಕಡ್ಯಾಕಿರಿ," ಎಂದಳು ಅಕ್ಕ.

ಅವರು ಪೆನ್ನು ಕೆಳಗಿಟ್ಟು ನಮ್ಮನ್ನೆಲ್ಲ ಒಮ್ಮೆ ನೋಡಿದರು, ಮತ್ತೆ ಎತ್ತಿಕೊಂಡರು. ಕಮಲವ್ವ ನಾಲಿಗೆ ಕಚ್ಚಿಕೊಂಡು, ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದು ಸಹಿ ಮಾಡಿದಳು. ಆಮೇಲೆ ನಾವೆಲ್ಲ ಗಿರಮಿಟ್ಟು, ಮಿರ್ಚಿ ತಿಂದೆವು. ಸಂಜೆಯ ಬಸ್ಸಿಗೆ ಅಕ್ಕ ಕಮಲವ್ವನನ್ನು ಕರೆದುಕೊಂಡು ಹೊರಟಳು. ಮರುದಿನ ಮುಂಜಾನೆ ಅವಳಿಗೆ ಇಂಡಿ ಡ್ಯೂಟಿ ಇತ್ತು.

ಮುಂದೆ ಮಸೂತಿಯವರು ಸಿಂದಗಿಗೆ ಬಂದು ಬಾಗಿಲಲ್ಲಿ ನಿಂತು ಬೈದರಂತೆ. ಅಕ್ಕನೂ ಅಷ್ಟೇ ಬೈದು, ಕೊನೆಗೆ ಚಹಾ ಕುಡಿಸಿ ಕಳಿಸಿದಳಂತೆ. ಇದನ್ನೆಲ್ಲ ಫೋನಿನಲ್ಲಿ ಅವಳು ಹೇಳುವಾಗ ನಾನೂ ನನ್ನ ಗಂಡನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಬಾ, ಇಲ್ಲೇ ನಾಲ್ಕು ದಿನ ಇರು ಅಂದರೆ ರಜೆ ಇಲ್ಲ ಎನ್ನುವಳು.

ಕೊನೆಯ ಸಲ ಹುಬ್ಬಳ್ಳಿಗೆ ಬಂದಾಗ ಬಡವಾಗಿದ್ದಳು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲವೇನು ಎಂದೆ, ಮಾತು ಮರೆಸಿದಳು. ಮೂವರೂ ಊಟಕ್ಕೆ ಕೂತೆವು. ನನ್ನ ಗಂಡ ನನ್ನ ತಾಟಿಗೆ ತುಪ್ಪ ಹಾಕಿದರು, ನಾನು ಬೇಡವೆಂದು ಅವರ ಕೈ ಸರಿಸಿದೆ. ಅಕ್ಕ ಅದನ್ನೇ ನೋಡುತ್ತಿದ್ದವಳು, "ಸುಮೀ, ನಿನ್ನ ಮದಿವಿ ಮಾಡಿ ನಾ ಮುಂಡಿ ಆಗೀನಿ ನೋಡ" ಎಂದಳು.

ನನ್ನ ಗಂಡ ಜೋರಾಗಿ ನಕ್ಕರು. ಅಕ್ಕನೂ ನಕ್ಕಳು, ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು, ಮೂರು ಗಂಟೆಯ ಬಸ್ಸಿಗೆ ಹೋದಳು. ಒಂದು ತಿಂಗಳಿಗೆ ಸಿಂದಗಿಯ ಮನೆಯಲ್ಲಿ ತೀರಿಕೊಂಡಳು. ಬಾಗಿಲು ತೆರೆಯದ್ದನ್ನು ನೋಡಿ ಬಾಜೂ ಮನೆಯವರು ಫೋನ್ ಮಾಡಿದರು.

ಅವಳು ಏನೇ ಅಂದರೂ ನಗುವುದು ನನಗೆ ಚಿಕ್ಕಂದಿನಿಂದ ರೂಢಿ. ಮುಂಡಿ ಆಗೀನಿ ಎಂದ ಆ ದಿನವೂ ನಕ್ಕೆ.