ಹಸಿ ಹಾಲು ಮತ್ತು ಹಲಬರ್ಗಾ ದಾರಿ

ಮೊದಲು ಬಂದದ್ದು ಬೆವರು. ಸಂಜೆ ಜ್ವರ ಏರುತ್ತಿತ್ತು, ಬೆಳಗಾಗುವಷ್ಟರಲ್ಲಿ ಅಂಗಿ ಹಿಂಡುವಷ್ಟು ಒದ್ದೆ. ಟೈಫಾಯ್ಡ್ ಎಂದರು, ಮಾತ್ರೆ ಕೊಟ್ಟರು. ಆಮೇಲೆ ಸೊಂಟ ಹಿಡಿಯಿತು. ಬೀದರಿನ ಮೈಲೂರು ಬಡಾವಣೆಯ ಮನೆಯಲ್ಲಿ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ಭಾನುವಾರ ಬಂತೆಂದರೆ ಬೀದರಿನಿಂದ ಭಾಲ್ಕಿ, ಅಲ್ಲಿಂದ ಔರಾದ್, ಮತ್ತೆ ಬೀದರ್ ಎಂದು ಸೈಕಲ್ ತುಳಿದು ಬಂದು ಓಣಿಯವರ ಮುಂದೆ ಮೀಸೆ ತಿರುವುತ್ತಿದ್ದವನು ನಾನು.

ತಿಂಗಳಾದ ಮೇಲೆ ಎಂಆರ್‌ಐ, ಇನ್ನೊಂದು ಬ್ಲಡ್ ಟೆಸ್ಟ್.

"ಬ್ರುಸೆಲ್ಲೋಸಿಸ್ ಅದರಿ. ಕುರಿ, ಆಡಿನಿಂದ ಬರ್ತದ. ಹಸಿ ಹಾಲು ಕುಡೀತೀರೇನು?" ಡಾಕ್ಟರಮ್ಮ ಕೇಳಿದರು.

ಕುಡಿಯುತ್ತಿದ್ದೆ. ಹಲಬರ್ಗಾದಲ್ಲಿ ತಂಗಿ ನಾಗಮ್ಮನ ಮನೆಯವರು ಕುರಿ, ಆಡು ಸಾಕುತ್ತಾರೆ. ಅವರ ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ಆಗಷ್ಟೇ ಕರೆದ ನೊರೆ ಹಾಲನ್ನು ನಿಂತಲ್ಲೇ ಗಟಗಟ ಕುಡಿಯುವುದು ನನ್ನ ರೂಢಿ. ತಮಾಷೆಯೆಂದರೆ ಆ ಮನೆಯವರಾರೂ ಹಾಗೆ ಕುಡಿಯುವುದಿಲ್ಲ. ಅವರ ಹಾಲೆಲ್ಲ ಚಹಾದಲ್ಲಿ ಕುದಿದು ಹೋಗುತ್ತದೆ. ಕಾಯಿಸಿದರೆ ಸತ್ವ ಹೋಗುತ್ತದೆ ಎಂದು ಕುರಿ ಕಾಯುವವರಿಗೆ ಬುದ್ಧಿ ಹೇಳಿದ ಓದಿದವನು ನಾನೇ.

"ಮತ್ಯಾರರ ಕುಡದಾರೇನ್ರಿ? ಬಸುರಿ ಹೆಣ್ಮಕ್ಕಳು?"

ನಾಗಮ್ಮ ಕುಡಿದಿದ್ದಳು.

ಹಿಂದಿನ ವರ್ಷ ಅವಳು ಐದು ತಿಂಗಳ ಬಸುರಿ. ನನ್ನ ಮಾತು ಕೇಳಿ ದಿನಾ ಒಂದು ಲೋಟ. ಕೂಸು ಉಳಿಯಲಿಲ್ಲ. ಬೇಡವೆಂದರೂ ಮೇವಿನ ಹೊರೆ ಹೊತ್ತಳು ಎಂದು ಅವಳ ಅತ್ತೆ ಅಂದಿನಿಂದ ಅನ್ನುತ್ತಲೇ ಇದ್ದರು. ಹಾಲೇ ಕಾರಣ ಎಂದು ಈಗ ಖಾತ್ರಿಯಾಗಿ ಹೇಳಲಾಗದು, ಆದರೆ ಇರಬಹುದು, ಮೊದಲು ನಿಮ್ಮ ತಂಗಿಯ ರಕ್ತ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರಮ್ಮ.

ನಾನು ಮಾಡಿಸಲಿಲ್ಲ.

ಮೂರು ತಿಂಗಳು ಮಾತ್ರೆ ನುಂಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಅನ್ನ ಕಂಡರೆ ಓಕರಿಕೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಬೆನ್ನು ಸರಿಹೋದ ಮೇಲೆ ಸೈಕಲ್ ಮೇಲೆ ಹೋಗಿ ಎದುರಿಗೇ ಹೇಳುತ್ತೇನೆ ಎಂದುಕೊಂಡೆ. ಬಸ್ಸುಗಳೇನೂ ನಿಂತುಹೋಗಿರಲಿಲ್ಲ. ಒಮ್ಮೆ ಅವಳೇ ಫೋನ್ ಮಾಡಿ, ಸಂಜೆಯಾದರೆ ಮೈ ಬಿಸಿಯಾಗುತ್ತದೆ ಎಂದಳು. ನಾನು ಮಾತು ಬದಲಿಸಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಹೋಳಿ ಮುಗಿದ ವಾರ ಸೈಕಲ್ ಹತ್ತಲು ಅಪ್ಪಣೆ ಸಿಕ್ಕಿತು. ಬೇವು ಚಿಗುರಿತ್ತು, ತೊಗರಿ ಕೊಯ್ದ ಹೊಲಗಳು ಬೋಳಾಗಿದ್ದವು. ತೊಡೆ ನಡುಗುತ್ತಿತ್ತು. ಹಿಂದೆಲ್ಲ ಒಂದೇ ಉಸಿರಿಗೆ ಹತ್ತುತ್ತಿದ್ದ ಏರಿನಲ್ಲಿ ಇಳಿದು ತಳ್ಳಿದೆ. ಚೈನಿಗೆ ಎಣ್ಣೆ ಬಿಡಬೇಕಿತ್ತು, ಗ್ಯಾಸ್ ಬುಕ್ ಮಾಡಬೇಕಿತ್ತು, ಬೇಸಿಗೆಗೆ ಹೊಸ ಮಡಕೆ ತರಬೇಕಿತ್ತು ಎಂದು ಏನೇನೋ ನೆನಪಾಯಿತು, ಹೇಳಬೇಕಾದ ಆ ಒಂದು ಮಾತು ಬಿಟ್ಟು.

ನಾಗಮ್ಮ ಅಂಗಳದಲ್ಲೇ ಸಿಕ್ಕಳು. "ಎಷ್ಟ್ ಸೊರಗೀದಿ ಅಣ್ಣಾ," ಎಂದು ನೀರು ಕೊಟ್ಟಳು. ನಿಂತಲ್ಲೇ ಎಲ್ಲ ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ನನಗ್ಯಾಕ ಹೇಳ್ತಿ? ಒಳಗ ಅತ್ತಿ ಕುಂತಾರ, ಅವ್ರಿಗಿ ಹೇಳು. ಹೊರಿ ಹೊತ್ತು ಕೂಸಿಗಿ ಕಳಕೊಂಡಳು ಅಂತ ವರ್ಷದಿಂದ ಅನಿಸಕೊಂತ ಬಂದೀನಿ."

ಅತ್ತೆ ಜೋಳ ಹಸನು ಮಾಡುತ್ತಿದ್ದರು. ಹೇಳಿದೆ. ಅವರ ಕೈ ನಿಂತಿತು. ಮೊರ ಕೆಳಗಿಟ್ಟು ಕೇಳಿದರು:

"ಇಷ್ಟ ದಿನಾ ಯಾಕ ಸುಮ್ಮ ಇದ್ದಿ, ತಮ್ಮಾ?"

ಬಾಗಿಲಲ್ಲಿ ನಿಂತಿದ್ದ ನಾಗಮ್ಮ ಆಗ ಅತ್ತಳು.

ಮರುದಿನವೇ ಬೀದರಿಗೆ ಕರೆತಂದೆ. ಅವಳ ರಕ್ತದಲ್ಲೂ ಅದೇ ಕಾಯಿಲೆ. ವಾಸಿಯಾಗುತ್ತದೆ, ಮುಂದೆ ಮಕ್ಕಳಾಗಲು ಅಡ್ಡಿಯಿಲ್ಲ ಎಂದಿದ್ದಾರೆ. ನಾನೀಗ ಭಾನುವಾರ ಹಲಬರ್ಗಾದ ಅರ್ಧ ದಾರಿಗೆ ಹೋಗಿ ತಿರುಗುತ್ತೇನೆ. ಮನೆಗೆ ಬಾ ಎಂದು ಅವಳು ಕರೆದಿಲ್ಲ. ಆದರೆ ದಿನಾ ಊಟವಾದ ಮೇಲೆ ಫೋನ್ ಮಾಡುತ್ತಾಳೆ. "ಗುಳಿಗಿ ನುಂಗೀನಿ" ಎಂದಷ್ಟೇ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಡುತ್ತಾಳೆ.